ದುಡ್ಡು ಊರಿನದು, ಕುರ್ಚಿ ಯಾರದು? ಅಮೆರಿಕದ ಮಣ್ಣು-ನೀರು ಮಂಡಳಿಗಳಲ್ಲಿ ಸ್ಥಳೀಯ ಸರ್ಕಾರದ ಜಾಗ

ಸಿಯಾಟಲ್‌ನ ಪೂರ್ವಕ್ಕೆ, ಬೆಲ್‌ವ್ಯೂ, ರೆಡ್‌ಮಂಡ್, ಸಮಾಮಿಶ್ ಕಡೆ ಸ್ವಂತ ಮನೆ ಮಾಡಿಕೊಂಡ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರಿಗೆ ಬರುವ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಶಾಲೆ, ರಸ್ತೆ, ಲೈಬ್ರರಿ ಅಂತ ದೊಡ್ಡ ದೊಡ್ಡ ಬಾಬ್ತುಗಳು ಇರುತ್ತವೆ. ಅವುಗಳ ಜೊತೆ ‘ಕನ್ಸರ್ವೇಶನ್’ ಎಂಬ ಒಂದು ಸಣ್ಣ ಸಾಲೂ ಇರುತ್ತದೆ. ಮೊತ್ತ ತೀರಾ ಕಡಿಮೆ. ಅದರ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಆದರೆ ಹೆಚ್ಚುಕಮ್ಮಿ ಇಡೀ ಕೌಂಟಿಯ (ನಮ್ಮ ಜಿಲ್ಲೆಯಂಥ, ಚುನಾಯಿತ ಸರ್ಕಾರ ಇರುವ ಆಡಳಿತ ಘಟಕ) ಮನೆ, ನಿವೇಶನ, ಹೊಲಗಳಿಂದ ಹೀಗೆ ಸೇರಿದ ಹಣ ಹೋಗುವುದು ಮಣ್ಣು-ನೀರು ಕಾಪಾಡುವ ‘ಕನ್ಸರ್ವೇಶನ್ ಡಿಸ್ಟ್ರಿಕ್ಟ್’ ಎಂಬ ಸ್ಥಳೀಯ ಸಂಸ್ಥೆಗೆ. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ತೀರ್ಮಾನಿಸುವುದು ಆ ಸಂಸ್ಥೆಯ ಐದು ಜನರ ಮಂಡಳಿ. ಆ ಐದು ಕುರ್ಚಿಗಳಲ್ಲಿ ಬೆಲ್‌ವ್ಯೂ ನಗರಕ್ಕೆ ಒಂದೂ ಇಲ್ಲ. ರೆಡ್‌ಮಂಡ್‌ಗೂ ಇಲ್ಲ, ಸಿಯಾಟಲ್‌ಗೂ ಇಲ್ಲ. ಕೌಂಟಿ ಸರ್ಕಾರಕ್ಕೂ ಇಲ್ಲ.

ಇದರಲ್ಲಿ ಯಾರೂ ನಿಯಮ ಮುರಿದಿಲ್ಲ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಕಾನೂನು ಇರುವುದೇ ಹಾಗೆ. ಐವರಲ್ಲಿ ಮೂವರನ್ನು ಮತದಾರರು ಆರಿಸುತ್ತಾರೆ, ಇನ್ನಿಬ್ಬರನ್ನು ರಾಜ್ಯದ ಕನ್ಸರ್ವೇಶನ್ ಕಮಿಷನ್ ನೇಮಿಸುತ್ತದೆ. ನಗರಸಭೆ, ಕೌಂಟಿಗಳಿಗೆ ಮಂಡಳಿಯಲ್ಲಿ ಮತವಿಲ್ಲ. ಪಕ್ಕದ ರಾಜ್ಯಗಳಲ್ಲಿ, ದೂರದ ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ವ್ಯವಸ್ಥೆಗಳು ಬೇರೆ ಬೇರೆ ಇವೆ. ಕೆಲವು ಕಡೆ ಸ್ಥಳೀಯ ಸರ್ಕಾರಕ್ಕೆ ಒಂದು ಕುರ್ಚಿ, ಕೆಲವು ಕಡೆ ಎರಡು, ಒಂದು ರಾಜ್ಯದಲ್ಲಂತೂ ಇಡೀ ಮಂಡಳಿಯೇ ಕೌಂಟಿಯ ಕೈಯಲ್ಲಿದೆ. ಇಷ್ಟು ವ್ಯತ್ಯಾಸ ಯಾಕೆ? ಯಾವುದು ಸರಿ? ಈ ಲೇಖನ ಅದರ ಬಗ್ಗೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನ ದುಡ್ಡು ಖರ್ಚು ಮಾಡುವ ಮಂಡಳಿಯಲ್ಲಿ ಊರಿನ ಸರ್ಕಾರಕ್ಕೆ ಮತ ಹಾಕುವ ಹಕ್ಕಿರುವ ಕುರ್ಚಿ ಇರಲೇಬೇಕು. ಆದರೆ ಅದು ರೈತರ ಕುರ್ಚಿಗಳನ್ನು ನುಂಗುವಷ್ಟು ದೊಡ್ಡದಾಗಬಾರದು.

ದೂಳಿನಿಂದ ಹುಟ್ಟಿದ ಸಂಸ್ಥೆ

ಈ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ಗಳು ಯಾಕೆ ಹುಟ್ಟಿದವು ಅಂತ ನೋಡದೆ ಇವತ್ತಿನ ಜಗಳ ಅರ್ಥವಾಗುವುದಿಲ್ಲ. 1930ರ ದಶಕದಲ್ಲಿ ಅಮೆರಿಕದ ನಡುನಾಡಿನ ಬಯಲಲ್ಲಿ ವರ್ಷಗಟ್ಟಲೆ ಬರ ಬಿತ್ತು. ಹುಲ್ಲುಗಾವಲನ್ನು ಉತ್ತು ಗೋಧಿ ಬೆಳೆದಿದ್ದ ನೆಲದ ಮೇಲ್ಮಣ್ಣು ಗಾಳಿಗೆ ಎದ್ದು ಹೋಯಿತು. 1935ರ ಏಪ್ರಿಲ್ 14ರಂದು ಎದ್ದ ದೂಳಿನ ಗೋಡೆ ಹಗಲನ್ನೇ ಕತ್ತಲು ಮಾಡಿತು. ಆ ದಿನವನ್ನು ಅಲ್ಲಿನವರು ಇವತ್ತಿಗೂ ಕಪ್ಪು ಭಾನುವಾರ ಅನ್ನುತ್ತಾರೆ. ಅದೇ ತಿಂಗಳ 27ರಂದು ಮಣ್ಣು ಸಂರಕ್ಷಣಾ ಕಾಯ್ದೆ ಬಂತು. ಮಣ್ಣು ವಿಜ್ಞಾನಿ ಹ್ಯೂ ಹ್ಯಾಮಂಡ್ ಬೆನೆಟ್ ಹೊಸ ಇಲಾಖೆಯ ಮುಖ್ಯಸ್ಥರಾದರು.

ಇಲಾಖೆ ಏನೋ ಬಂತು. ಆದರೆ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಿಂದ ಬಂದ ಅಧಿಕಾರಿ ಖಾಸಗಿ ಹೊಲಕ್ಕೆ ಇಳಿದು ‘ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಇಲ್ಲಿ ಬದು ಹಾಕಿ’ ಅಂದರೆ ಯಾವ ರೈತ ಕೇಳುತ್ತಾನೆ? ಅದಕ್ಕಾಗಿ ಒಂದು ಮಾದರಿ ಕಾನೂನು ಬರೆದರು. 1937ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ಎಲ್ಲ ರಾಜ್ಯಗಳ ಗವರ್ನರ್‌ಗಳಿಗೆ ಕಳಿಸಿದರು. ರೈತರು ಸೇರಿ ಅರ್ಜಿ ಕೊಡಬೇಕು, ಅಹವಾಲು ಸಭೆ ಆಗಬೇಕು, ಆಮೇಲೆ ಮತ ಹಾಕಿ ತಮ್ಮ ಪ್ರದೇಶಕ್ಕೆ ಒಂದು ಡಿಸ್ಟ್ರಿಕ್ಟ್ ರಚಿಸಿಕೊಳ್ಳಬೇಕು. ಮಂಡಳಿಯಲ್ಲಿ ಐವರು. ಮೂವರನ್ನು ಭೂಮಿ ಹೊಂದಿದವರು ಮತ್ತು ಉಳುವವರು ಆರಿಸುತ್ತಾರೆ, ಇಬ್ಬರನ್ನು ರಾಜ್ಯದ ಸಮಿತಿ ನೇಮಿಸುತ್ತದೆ. ಇವತ್ತು ವಾಷಿಂಗ್ಟನ್ ರಾಜ್ಯದಲ್ಲಿ ಕಾಣುವ ಮೂರು-ಎರಡರ ಲೆಕ್ಕ ಬಂದಿದ್ದು ಇಲ್ಲಿಂದಲೇ. 1937ರ ಆಗಸ್ಟ್ 4ರಂದು ನಾರ್ತ್ ಕೆರೊಲಿನಾದ ಬ್ರೌನ್ ಕ್ರೀಕ್‌ನಲ್ಲಿ, ಬೆನೆಟ್ ಹುಟ್ಟಿದ ಕೌಂಟಿಯಲ್ಲೇ, ಮೊದಲ ಡಿಸ್ಟ್ರಿಕ್ಟ್ ಶುರುವಾಯಿತು. ಈಗ ದೇಶದಾದ್ಯಂತ ಸುಮಾರು 3,000 ಇವೆ.

ಆ ಮಾದರಿ ಕಾನೂನು ಬರೆದವರು ಕೌಂಟಿಯನ್ನು ಬೇಕಂತಲೇ ದೂರ ಇಟ್ಟರು. ಅವರ ಲೆಕ್ಕ ಸರಳವಾಗಿತ್ತು. ಮಣ್ಣು ಕೊಚ್ಚಿಹೋಗುವುದು ಹಳ್ಳದ ದಿಕ್ಕು ಹಿಡಿದು, ಕೌಂಟಿಯ ಗಡಿ ನೋಡಿಕೊಂಡಲ್ಲ. ಹಾಗಾಗಿ ಡಿಸ್ಟ್ರಿಕ್ಟ್‌ಗಳ ಗಡಿ ಜಲಾನಯನವನ್ನು ಹಿಂಬಾಲಿಸಬೇಕು ಅನ್ನುವುದು ಅವರ ಆಸೆ. ಜೊತೆಗೆ ಕೌಂಟಿ ರಾಜಕಾರಣದ ಗಾಳಿ ಸೋಕದಿದ್ದರೆ ರೈತರು ನಂಬುತ್ತಾರೆ ಅನ್ನುವ ಯೋಚನೆಯೂ ಇತ್ತು. ಒಂದು ಮುಖ್ಯ ವಿಷಯ ಗಮನಿಸಿ. ಆ ಕಾನೂನು ಡಿಸ್ಟ್ರಿಕ್ಟ್‌ಗಳಿಗೆ ತೆರಿಗೆ ಹಾಕುವ ಅಧಿಕಾರ ಕೊಡಲಿಲ್ಲ. ಹಣ ಮೇಲಿನಿಂದ ಬರುತ್ತದೆ, ತಾಂತ್ರಿಕ ಸಿಬ್ಬಂದಿ ಕೇಂದ್ರದ ಇಲಾಖೆಯವರು, ಮಂಡಳಿ ಮಾತ್ರ ರೈತರದು. ಆ ಕಾಲಕ್ಕೆ ಈ ಹಂಚಿಕೆ ಸರಿಯಾಗಿಯೇ ಇತ್ತು.

ಆಮೇಲೆ ಎಲ್ಲವೂ ಬದಲಾಯಿತು. ಬಹುತೇಕ ರಾಜ್ಯಗಳಲ್ಲಿ ಡಿಸ್ಟ್ರಿಕ್ಟ್‌ಗಳ ಗಡಿ ಕೊನೆಗೆ ಕೌಂಟಿಯ ಗಡಿಗೇ ಬಂದು ಕೂತಿತು. ಹೊಲಗಳ ಜಾಗದಲ್ಲಿ ಬಡಾವಣೆಗಳು ಬಂದವು. ಕೆಲಸವೂ ಬದಲಾಯಿತು. ಮಳೆನೀರಿನ ನಿರ್ವಹಣೆ, ಮೀನು ಬರುವ ತೊರೆಗಳ ದಡದಲ್ಲಿ ಗಿಡ ನೆಡುವುದು, ಕಾಡ್ಗಿಚ್ಚಿನಿಂದ ಮನೆಗಳನ್ನು ಕಾಪಾಡುವ ತಯಾರಿ, ನಗರದ ತೋಟಗಾರಿಕೆ ಎಲ್ಲ ಸೇರಿಕೊಂಡವು. ಹಣದಲ್ಲಿ ಸ್ಥಳೀಯ ಪಾಲು ಜಾಸ್ತಿಯಾಯಿತು. 2025ರಲ್ಲಿ ಕೇಂದ್ರದ ಕೃಷಿ ಇಲಾಖೆಯಲ್ಲಿ ಸಿಬ್ಬಂದಿ ಕಡಿತ ಶುರುವಾದ ಮೇಲಂತೂ ಸ್ಥಳೀಯ ಹಣದ ಮೇಲಿನ ಭಾರ ಇನ್ನೂ ಕಾಣಿಸುತ್ತಿದೆ. ಆದರೆ ಹಲವು ರಾಜ್ಯಗಳಲ್ಲಿ ಮಂಡಳಿಯ ರಚನೆ ಮಾತ್ರ 1937ರಲ್ಲೇ ನಿಂತಿದೆ.

ಒಂದೊಂದು ರಾಜ್ಯದಲ್ಲಿ ಒಂದೊಂದು ದಾರಿ

ನ್ಯೂಯಾರ್ಕ್ ಮೊದಲಿನಿಂದಲೂ ಬೇರೆ ದಾರಿ ಹಿಡಿಯಿತು. ಅಲ್ಲಿ ಡಿಸ್ಟ್ರಿಕ್ಟಿನ ನಿರ್ದೇಶಕರನ್ನು ನೇಮಿಸುವುದೇ ಕೌಂಟಿ ಶಾಸನಸಭೆ. ಮಂಡಳಿಯಲ್ಲಿ ಐವರು ಅಥವಾ ಏಳು ಮಂದಿ. ಅವರಲ್ಲಿ ಇಬ್ಬರು ಆ ಶಾಸನಸಭೆಯ ಸದಸ್ಯರೇ ಆಗಿರಬೇಕು. ರೈತರ ಎರಡು ಹಳೆಯ ಸಂಘಟನೆಗಳಾದ ಗ್ರೇಂಜ್ ಮತ್ತು ಫಾರ್ಮ್ ಬ್ಯೂರೋ ಕೊಟ್ಟ ಹೆಸರುಗಳಿಂದಲೂ ಸದಸ್ಯರು ಬರುತ್ತಾರೆ. ಅಂದರೆ ಬಜೆಟ್ ಪಾಸು ಮಾಡುವವರು, ಹೊಲ ಉಳುವವರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ನನಗೆ ಇದು ಇಷ್ಟವಾದ ವ್ಯವಸ್ಥೆ. ರೈತರ ಹೆಸರನ್ನು ಕೌಂಟಿ ತನಗೆ ಬೇಕಾದ ಹಾಗೆ ಹುಡುಕಿಕೊಳ್ಳುವಂತಿಲ್ಲ, ರೈತ ಸಂಘಟನೆಯಿಂದಲೇ ಪಡೆಯಬೇಕು.

ಪೆನ್ಸಿಲ್ವೇನಿಯಾದಲ್ಲಿ 1945ರ ಕಾನೂನು. ಅಲ್ಲಿನ 67 ಕೌಂಟಿಗಳಲ್ಲಿ ಫಿಲಡೆಲ್ಫಿಯಾ ಬಿಟ್ಟು ಉಳಿದ 66ರಲ್ಲಿ ಡಿಸ್ಟ್ರಿಕ್ಟ್‌ಗಳಿವೆ. ಮಂಡಳಿಯಲ್ಲಿ ಕೌಂಟಿಯ ಆಡಳಿತ ಮಂಡಳಿಯ ಒಬ್ಬರು, ಜೊತೆಗೆ ರೈತ ನಿರ್ದೇಶಕರು, ಸಾರ್ವಜನಿಕರ ಪರವಾದ ನಿರ್ದೇಶಕರು. ನೇಮಕ ಮಾಡುವುದು ಕೌಂಟಿ. ಆದರೆ ಹೆಸರು ಸೂಚಿಸುವುದು ಮೊದಲೇ ಗುರುತಿಸಿದ ಸಂಘಸಂಸ್ಥೆಗಳು.

ವರ್ಜೀನಿಯಾದಲ್ಲಿ 47 ಡಿಸ್ಟ್ರಿಕ್ಟ್‌ಗಳು. ಅಲ್ಲಿ ನಿರ್ದೇಶಕರ ಚುನಾವಣೆ ನವೆಂಬರಿನ ಸಾಮಾನ್ಯ ಮತಪತ್ರದಲ್ಲೇ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಹಲವು ಡಿಸ್ಟ್ರಿಕ್ಟ್‌ಗಳಲ್ಲಿ ಚುನಾವಣೆಯ ಬದಲು ಕೌಂಟಿಯ ಮೇಲ್ವಿಚಾರಕರ ಮಂಡಳಿಯೇ ನಿರ್ದೇಶಕರನ್ನು ನೇಮಿಸುತ್ತದೆ. ನೆಬ್ರಾಸ್ಕಾ 1972ರಲ್ಲಿ ತನ್ನ 154 ಸಣ್ಣ ಸಣ್ಣ ಡಿಸ್ಟ್ರಿಕ್ಟ್‌ಗಳನ್ನು ಒಟ್ಟು ಮಾಡಿ, ನದಿಗಳ ಜಲಾನಯನದ ಗಡಿ ಹಿಡಿದು ದೊಡ್ಡ ಡಿಸ್ಟ್ರಿಕ್ಟ್‌ಗಳನ್ನು ಕಟ್ಟಿತು. ಈಗ 23 ಇವೆ. ಆಸ್ತಿ ತೆರಿಗೆ ಹಾಕುವ ಅಧಿಕಾರವಿದೆ, ಅಂತರ್ಜಲದ ಮೇಲೂ ಹಿಡಿತವಿದೆ. ಅದಕ್ಕೆ ತಕ್ಕಂತೆ ಮಂಡಳಿಯನ್ನು ಎಲ್ಲ ಮತದಾರರೂ ಸಾಮಾನ್ಯ ಚುನಾವಣೆಯಲ್ಲೇ ಆರಿಸುತ್ತಾರೆ. ತೆರಿಗೆ ಹಾಕುವವರು ಎಲ್ಲರ ಮತ ಪಡೆದೇ ಬರಬೇಕು ಅನ್ನುವ ನಿಯಮ ಅಲ್ಲಿ ಗಟ್ಟಿಯಾಗಿದೆ.

ಇನ್ನೊಂದು ತುದಿಯಲ್ಲಿ ವಿಸ್ಕಾನ್ಸಿನ್. 1982ರಲ್ಲಿ ಅದು ಡಿಸ್ಟ್ರಿಕ್ಟ್‌ಗಳನ್ನೇ ರದ್ದು ಮಾಡಿ ಕೆಲಸವನ್ನು ಕೌಂಟಿಗಳಿಗೆ ವಹಿಸಿತು. ಈಗ ಪ್ರತಿ ಕೌಂಟಿಯಲ್ಲೂ ಭೂ ಸಂರಕ್ಷಣಾ ಸಮಿತಿ ಇದೆ. ಅದರಲ್ಲಿ ಇರುವವರು ಮುಖ್ಯವಾಗಿ ಕೌಂಟಿಗೆ ಆರಿಸಿ ಬಂದ ಸದಸ್ಯರು. ಜವಾಬ್ದಾರಿ ಯಾರದು ಅನ್ನುವ ಗೊಂದಲ ಇಲ್ಲ, ಅದು ಒಳ್ಳೆಯದು. ಆದರೆ ಮಣ್ಣಿನ ಕೆಲಸ ಕೌಂಟಿಯ ಹತ್ತಾರು ಇಲಾಖೆಗಳಲ್ಲಿ ಒಂದಾಗಿಬಿಡುತ್ತದೆ. ಬಜೆಟ್ ಬಿಗಿಯಾದ ವರ್ಷ ಜೈಲು, ರಸ್ತೆ, ಆಸ್ಪತ್ರೆಗಳ ಜೊತೆ ಹೊಲದ ಬದು ಪೈಪೋಟಿ ಮಾಡಬೇಕು. ಅಲ್ಲಿ ಅದರ ಪರ ಮಾತಾಡಲು ಸ್ವತಂತ್ರ ಮಂಡಳಿ ಇರುವುದಿಲ್ಲ.

ಭೂಮಿ ಇದ್ದವರಿಗೆ ಮಾತ್ರ ಮತ ಕೊಟ್ಟಾಗ

ಭೂಮಾಲೀಕರ ಮಂಡಳಿ ಭೂಮಾಲೀಕರಿಗಷ್ಟೇ ಸಂಬಂಧಪಟ್ಟದ್ದು ಅನ್ನುವ ವಾದ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆ ಇದೆ. ಅದು ಮಣ್ಣು ಸಂರಕ್ಷಣೆಯ ಡಿಸ್ಟ್ರಿಕ್ಟ್ ಅಲ್ಲ, ನೀರು ಸಂಗ್ರಹಣೆಯ ಡಿಸ್ಟ್ರಿಕ್ಟ್. ಆದರೂ ಈ ಚರ್ಚೆಗೆ ಅದಕ್ಕಿಂತ ಮುಖ್ಯವಾದ ಪ್ರಕರಣ ಇನ್ನೊಂದಿಲ್ಲ. ಅಮೆರಿಕದಲ್ಲಿ ವಿಶೇಷ ಉದ್ದೇಶದ ಮಂಡಳಿಗಳಲ್ಲಿ ಯಾರಿಗೆ ಮತ ಅನ್ನುವ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ ಅದರಲ್ಲೇ ಇದೆ.

ಸ್ಯಾನ್ ವಾಕೀನ್ ಕಣಿವೆಯಲ್ಲಿ ಟುಲೇರಿ ಎಂಬ ದೊಡ್ಡ ಸರೋವರ ಇತ್ತು. ಅದನ್ನು ಒಣಗಿಸಿ ಹತ್ತಿ ಹೊಲಗಳನ್ನು ಮಾಡಿದ್ದರು. ಅಲ್ಲಿನ ಡಿಸ್ಟ್ರಿಕ್ಟಿನಲ್ಲಿ ಸುಮಾರು 1,93,000 ಎಕರೆ ನೆಲ. ವಾಸ ಇದ್ದವರು ಬರೀ 77 ಜನ, ಅವರಲ್ಲಿ 18 ಮಂದಿ ಮಕ್ಕಳು. ನಾಲ್ಕು ಕಂಪನಿಗಳು 85 ಶೇಕಡಾ ನೆಲದಲ್ಲಿ ಕೃಷಿ ಮಾಡುತ್ತಿದ್ದವು. ಭೂಮಿಯ ಬೆಲೆಯ ಪ್ರತಿ 100 ಡಾಲರಿಗೆ ಒಂದು ಮತ. ಗೇಣಿಗೆ ಉಳುವವರಿಗೆ ಮತವಿಲ್ಲ, ಬರೀ ವಾಸ ಇರುವವರಿಗೂ ಇಲ್ಲ. ಈ ಲೆಕ್ಕದಲ್ಲಿ ಜೆ.ಜಿ. ಬಾಸ್‌ವೆಲ್ ಕಂಪನಿ ಒಂದಕ್ಕೇ 37,825 ಮತ. ಮಂಡಳಿಯ ಬಹುಮತ ಹಿಡಿಯಲು ಅಷ್ಟು ಸಾಕಿತ್ತು.

1969ರಲ್ಲಿ ನೆರೆ ಬಂತು. ನೀರನ್ನು ಪಕ್ಕದ ಬ್ಯೂನಾ ವಿಸ್ಟಾ ಸರೋವರದ ಅಂಗಳಕ್ಕೆ ತಿರುಗಿಸಬಹುದಿತ್ತು. ಆ ಪ್ರಸ್ತಾವ ಮಂಡಳಿಯ ಮುಂದೆ ಬಂದಾಗ 6-4 ಮತಗಳಿಂದ ಅದನ್ನು ಬದಿಗಿಟ್ಟರು. ಆ ಅಂಗಳದಲ್ಲಿ ಬಾಸ್‌ವೆಲ್ ಕಂಪನಿಯ ದೀರ್ಘಾವಧಿ ಗೇಣಿ ಕೃಷಿ ಇತ್ತು ಅಂತ ನ್ಯಾಯಮೂರ್ತಿ ಡಗ್ಲಸ್ ತಮ್ಮ ಭಿನ್ನ ತೀರ್ಪಿನಲ್ಲಿ ದಾಖಲಿಸಿದ್ದಾರೆ. ಟುಲೇರಿ ಕಡೆ 88,000 ಎಕರೆ ಮುಳುಗಿತು. ಈ ಮತದ ಲೆಕ್ಕವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 1973ರಲ್ಲಿ ಸುಪ್ರೀಂ ಕೋರ್ಟ್ 6-3ರಿಂದ ಡಿಸ್ಟ್ರಿಕ್ಟಿನ ಪರ ತೀರ್ಪು ಕೊಟ್ಟಿತು. ಡಿಸ್ಟ್ರಿಕ್ಟಿನ ಕೆಲಸ ಸೀಮಿತ, ಅದರ ಖರ್ಚು ಬೀಳುವುದು ಭೂಮಾಲೀಕರ ಮೇಲೆ, ಹಾಗಾಗಿ ‘ಒಬ್ಬರಿಗೆ ಒಂದು ಮತ’ ಅನ್ನುವ ನಿಯಮ ಇಲ್ಲಿ ಅನ್ವಯಿಸುವುದಿಲ್ಲ ಅಂದಿತು.

ತೀರ್ಪಿನ ತರ್ಕ ಏನು ಅಂತ ನೋಡಿ. ಖರ್ಚಿನ ಹೊರೆ ಯಾರ ಮೇಲೆ ಬೀಳುತ್ತದೋ ಅವರ ಕೈಗೆ ಮತ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ, ನೆರೆ ನುಗ್ಗಿದ್ದು ಗೇಣಿದಾರರ ಹೊಲಕ್ಕೂ ಅಲ್ವಾ? ಆದರೆ ಅದೇ ತರ್ಕವನ್ನು ಇವತ್ತಿನ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ಗಳಿಗೆ ಹಚ್ಚಿದರೆ ಫಲ ಉಲ್ಟಾ ಬರುತ್ತದೆ. ಹೊರೆ ಈಗ ಬರೀ ರೈತರ ಮೇಲಿಲ್ಲ. ಅಪಾರ್ಟ್‌ಮೆಂಟು, ಅಂಗಡಿ, ಮನೆಗಳ ಮೇಲಿದೆ. ಹಾಗಿದ್ದ ಮೇಲೆ ಆ ಜನರ ಪರವಾದ ದನಿಯೂ ಮಂಡಳಿಯಲ್ಲಿ ಬೇಕು.

2023ರ ವಸಂತದಲ್ಲಿ ಟುಲೇರಿ ಸರೋವರ ಮತ್ತೆ ತುಂಬಿತು. ಈ ಸಲ ಕಿಂಗ್ಸ್ ಕೌಂಟಿಯ ಚುನಾಯಿತ ಮಂಡಳಿ ತುರ್ತು ಸಭೆ ಸೇರಿ, ಕಾಲುವೆಯ ಏರಿ ಒಡೆದು ನೀರನ್ನು ಸರೋವರದ ಅಂಗಳಕ್ಕೆ ಬಿಡಲು ಆದೇಶಿಸಿತು. (ಇದು ಕ್ಯಾಲಿಫೋರ್ನಿಯಾದ ಕಿಂಗ್ಸ್ ಕೌಂಟಿ, ಸಿಯಾಟಲ್‌ನ ಕಿಂಗ್ ಕೌಂಟಿ ಬೇರೆ.) ಊರುಗಳು ಮುಳುಗುವ ಹೊತ್ತಿನಲ್ಲಿ ದೊಡ್ಡ ಜಮೀನ್ದಾರರಿಗೆ ಎದುರು ನಿಂತು ಆದೇಶ ಕೊಡುವ ಅಧಿಕಾರ ಇದ್ದದ್ದು ಚುನಾಯಿತ ಸ್ಥಳೀಯ ಸರ್ಕಾರಕ್ಕೆ. ಆದರೆ ಅಂಥ ದನಿ ಕೇಳಿಸಲು ನೆರೆ ಬರುವವರೆಗೆ ಕಾಯಬೇಕಾ? ಮಂಡಳಿಯ ಮಾಮೂಲಿ ಸಭೆಯಲ್ಲೇ ಅದಕ್ಕೆ ಜಾಗ ಇರಬೇಕು.

ಸಲಹೆ ಕೇಳುತ್ತಾರೆ, ಮತ ಕೊಡುವುದಿಲ್ಲ

ಮತ್ತೆ ಸಿಯಾಟಲ್‌ಗೆ ಬರೋಣ. ಕಿಂಗ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್ 1949ರಲ್ಲಿ ಶುರುವಾಯಿತು. ಈಗ 34 ನಗರಗಳು ಮತ್ತು ನಗರಗಳ ಹೊರಗಿನ ಕೌಂಟಿ ಪ್ರದೇಶ ಅದರ ವ್ಯಾಪ್ತಿಯಲ್ಲಿವೆ. ಫೆಡರಲ್ ವೇ, ಎನಮ್‌ಕ್ಲಾ ಸೇರಿ ಐದು ಊರುಗಳು ಮಾತ್ರ ಹೊರಗಿವೆ. ಕೆಲಸ ಒಳ್ಳೆಯದೇ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಸಣ್ಣ ರೈತರಿಗೆ ಜಮೀನಿನ ಯೋಜನೆ ಮಾಡಿಕೊಡುತ್ತಾರೆ. ಕುದುರೆ, ದನ ಸಾಕುವವರಿಗೆ ಸಗಣಿ ತೊರೆಗೆ ಸೇರದ ಹಾಗೆ ಗುಂಡಿ, ಬೇಲಿ ಮಾಡಲು ನೆರವು ಕೊಡುತ್ತಾರೆ. ಸಾಲ್ಮನ್ ಮೀನು ಬರುವ ತೊರೆಗಳ ದಡದಲ್ಲಿ ಊರ ಗಿಡಗಳನ್ನು ನೆಡಿಸುತ್ತಾರೆ. ಸದಸ್ಯ ನಗರಗಳಿಗೆ ಅನುದಾನವನ್ನೂ ಕೊಡುತ್ತಾರೆ.

ಇದಕ್ಕೆ ಹಣ ಮನೆ-ನಿವೇಶನಗಳ ಮೇಲೆ ಹಾಕುವ ಶುಲ್ಕದಿಂದ ಬರುತ್ತದೆ. ಆ ಶುಲ್ಕ ಎಷ್ಟಿರಬೇಕು ಅಂತ ಡಿಸ್ಟ್ರಿಕ್ಟ್ ಪ್ರಸ್ತಾವ ಕಳಿಸುತ್ತದೆ, ಕೌಂಟಿ ಕೌನ್ಸಿಲ್ ಅಹವಾಲು ಕೇಳಿ ಮಂಜೂರು ಮಾಡುತ್ತದೆ. ಜನ ಬೈದರೆ ಬೈಯುವುದು ಕೌಂಟಿಯನ್ನು, ಯಾಕೆಂದರೆ ಬಿಲ್ಲು ಬರುವುದು ಕೌಂಟಿಯ ಹೆಸರಲ್ಲಿ. ಹಣ ಎತ್ತುವ ಹೊಣೆ ಒಬ್ಬರದು, ಖರ್ಚಿನ ತೀರ್ಮಾನ ಇನ್ನೊಬ್ಬರದು. ಶುಲ್ಕ ಮಂಜೂರು ಮಾಡುವ ಹೊತ್ತಿನಲ್ಲಿ ಕೌಂಟಿ ಷರತ್ತು ಹಾಕಬಹುದು ನಿಜ. ಒಮ್ಮೆ ಮಂಜೂರಾದ ಮೇಲೆ ವರ್ಷಪೂರ್ತಿ ಮಂಡಳಿಯ ಸಭೆಗಳಲ್ಲಿ ಅದಕ್ಕೆ ಮತವಿಲ್ಲ.

ಈ ಕೊರತೆ ತುಂಬಲು ಒಂದು ಸಲಹಾ ಸಮಿತಿ ಇದೆ. ಅದರಲ್ಲಿ ಕಿಂಗ್ ಕೌಂಟಿ, ಸಿಯಾಟಲ್, ಬೆಲ್‌ವ್ಯೂ, ಮಿಕ್ಕ ಸಣ್ಣ ನಗರಗಳ ಒಕ್ಕೂಟ ಎಲ್ಲಕ್ಕೂ ಜಾಗವಿದೆ. ರೈತರು, ಊರವರೂ ಇದ್ದಾರೆ. ಇದ್ದಿದ್ದು ಒಳ್ಳೆಯದಾಯಿತು. ಆದರೆ ಸಲಹೆ ಸಲಹೆಯೇ. ಮಂಡಳಿ ಒಪ್ಪಬಹುದು, ಬಿಡಬಹುದು. ಒಳ್ಳೆಯ ಮನಸ್ಸಿನ ಮಂಡಳಿ ಇದ್ದಾಗ ಎಲ್ಲ ಸುಸೂತ್ರ. ಸಂಬಂಧ ಹದಗೆಟ್ಟ ದಿನ ಸಲಹಾ ಸಮಿತಿಯ ಸದಸ್ಯರು ಮಾಡಬಹುದಾದದ್ದು ಸುಮ್ನೆ ಪತ್ರ ಬರೆಯುವುದು ಅಷ್ಟೇ.

‘ಮಂಡಳಿಯ ಮೂವರನ್ನು ಜನರೇ ಆರಿಸಿದ್ದಾರಲ್ಲ, ಮತ್ತೆ ಯಾಕೆ ನಗರ, ಕೌಂಟಿಗಳ ಪ್ರತಿನಿಧಿ?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಆ ಚುನಾವಣೆಯಲ್ಲೇ ಇದೆ. ವಾಷಿಂಗ್ಟನ್ ರಾಜ್ಯದಲ್ಲಿ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ಗಳ ಚುನಾವಣೆ ನವೆಂಬರಿನಲ್ಲಿ ಮಿಕ್ಕೆಲ್ಲದರ ಜೊತೆ ನಡೆಯುವುದಿಲ್ಲ. ಜನವರಿಯಿಂದ ಮಾರ್ಚ್ ಒಳಗೆ, ಡಿಸ್ಟ್ರಿಕ್ಟೇ ಬೇರೆಯಾಗಿ ನಡೆಸುತ್ತದೆ. ಎಲ್ಲರ ಮನೆಗೂ ತಾನಾಗಿ ಮತಪತ್ರ ಬರುವ ರಾಜ್ಯ ಅದು. ಅಂಥ ಕಡೆ ಇದಕ್ಕೆ ಮಾತ್ರ ಮತದಾರ ತಾನೇ ಹುಡುಕಿಕೊಂಡು ಹೋಗಬೇಕು. ಪರಿಣಾಮ, ಕಿಂಗ್ ಡಿಸ್ಟ್ರಿಕ್ಟಿನಲ್ಲಿ ನೂರಕ್ಕೆ ಒಬ್ಬರೂ ಮತ ಹಾಕುತ್ತಿರಲಿಲ್ಲ.

2020ರಲ್ಲಿ ಅದು ಸ್ಮಾರ್ಟ್‌ಫೋನ್‌ನಿಂದ ಮತ ಹಾಕುವ ಅವಕಾಶ ಕೊಟ್ಟಿತು. ಸುಮಾರು 12 ಲಕ್ಷ ಮತದಾರರಿಗೂ ಈ ಅನುಕೂಲ ಸಿಕ್ಕಿತು. ದೇಶದಲ್ಲೇ ಇಂಥದ್ದು ಮೊದಲು ಅಂತ ಪತ್ರಿಕೆಗಳು ಬರೆದವು. ಮತದಾನ ಹೆಚ್ಚಾಯಿತು, ಆದರೂ ಒಂದು ಶೇಕಡಾ ಮುಟ್ಟಲಿಲ್ಲ. ತೊಂದರೆ ಇದ್ದದ್ದು ತಂತ್ರಜ್ಞಾನದಲ್ಲಲ್ಲ. ಇಂಥ ಒಂದು ಮಂಡಳಿ ಇದೆ, ಅದಕ್ಕೆ ಚುನಾವಣೆ ಇದೆ ಅನ್ನುವುದೇ ಜನರಿಗೆ ಗೊತ್ತಿಲ್ಲ.

ಇಷ್ಟು ಕಡಿಮೆ ಮತದಿಂದ ಗೆದ್ದವರು ಕೆಟ್ಟವರು ಅಂತಲ್ಲ. ಎಷ್ಟೋ ಜನ ಬಿಡಿಗಾಸಿಲ್ಲದೆ ವರ್ಷಗಟ್ಟಲೆ ದುಡಿದಿದ್ದಾರೆ. ಆದರೆ ‘ನಮ್ಮನ್ನು ಜನ ಕಳಿಸಿದ್ದಾರೆ, ನಗರಸಭೆಯವರು ಯಾಕೆ ಬೇಕು’ ಅನ್ನುವ ಮಾತಿಗೆ ಈ ಅಂಕಿಯಿಂದ ಬಲ ಬರುವುದಿಲ್ಲ. ನಗರಸಭೆ ಸದಸ್ಯರನ್ನು ಎಷ್ಟೋ ಪಟ್ಟು ಜಾಸ್ತಿ ಜನ ಆರಿಸಿರುತ್ತಾರೆ. ಅವರ ಫೋನ್ ನಂಬರು ಊರಿಗೆ ಗೊತ್ತಿರುತ್ತದೆ. ತಪ್ಪು ಮಾಡಿದರೆ ಕೇಳುವವರಿರುತ್ತಾರೆ.

ನಮ್ಮವರ ದೃಷ್ಟಿಯಿಂದ ಇನ್ನೊಂದು ಮಾತು. ಎಚ್-1ಬಿ ವೀಸಾದಲ್ಲೋ ಗ್ರೀನ್ ಕಾರ್ಡಿನಲ್ಲೋ ಇರುವ ಕನ್ನಡಿಗರಿಗೆ ಅಲ್ಲಿ ಯಾವ ಚುನಾವಣೆಯಲ್ಲೂ ಮತವಿಲ್ಲ. ಶುಲ್ಕ ಮಾತ್ರ ಕಟ್ಟಲೇಬೇಕು. ಮನೆ ಹಿಂದಿನ ತೊರೆ ಕೊರೆಯುತ್ತಿದೆ, ಮಳೆನೀರು ಅಂಗಳಕ್ಕೆ ನುಗ್ಗುತ್ತಿದೆ ಅಂದರೆ ಅವರು ಹೋಗುವುದು ನಗರಸಭೆಯ ಹತ್ತಿರ. ಆ ನಗರಸಭೆಯ ಪ್ರತಿನಿಧಿಗೆ ಡಿಸ್ಟ್ರಿಕ್ಟಿನ ಮಂಡಳಿಯಲ್ಲಿ ಮತ ಇದ್ದರೆ ಇವರ ದೂರಿಗೂ ಒಂದು ದಾರಿ ಸಿಗುತ್ತದೆ.

ರೈತರ ಭಯದಲ್ಲಿ ಹುರುಳಿದೆ

ಹಾಗಂತ ಎದುರು ವಾದವನ್ನು ತಳ್ಳಿಹಾಕುವಂತಿಲ್ಲ. ರೈತರು ಕನ್ಸರ್ವೇಶನ್ ಡಿಸ್ಟ್ರಿಕ್ಟಿನವರನ್ನು ಹೊಲದೊಳಗೆ ಬಿಟ್ಟುಕೊಳ್ಳುವುದು ಒಂದು ನಂಬಿಕೆಯ ಮೇಲೆ. ಇವರು ದಂಡ ಹಾಕುವವರಲ್ಲ, ನೆರವು ಕೊಡುವವರು ಅನ್ನುವ ನಂಬಿಕೆ ಅದು. ಕೌಂಟಿ ಹಾಗಲ್ಲ. ಅದು ಪರವಾನಗಿ ಕೊಡುತ್ತದೆ, ನೋಟಿಸು ಕೊಡುತ್ತದೆ, ದಂಡ ಹಾಕುತ್ತದೆ. ಅಂಥ ಕೌಂಟಿಯ ಮನುಷ್ಯ ಮಂಡಳಿಯಲ್ಲಿ ಕೂತರೆ ‘ನನ್ನ ಕೊಟ್ಟಿಗೆಯ ಸಗಣಿಯ ವಿಷಯ ನಾಳೆ ಕೌಂಟಿ ಕಚೇರಿಗೆ ಹೋಗುತ್ತದಾ?’ ಅಂತ ರೈತನಿಗೆ ಅನಿಸಿದರೆ ತಪ್ಪಿಲ್ಲ. ನಂಬಿಕೆ ಹೋದರೆ ಡಿಸ್ಟ್ರಿಕ್ಟಿನ ಕೆಲಸ ಅರ್ಧ ನಿಂತಹಾಗೆ. ವಾಷಿಂಗ್ಟನ್ ಕಾನೂನು ಆರಿಸಿ ಬರುವ ಮೂವರಲ್ಲಿ ಇಬ್ಬರು ಭೂಮಾಲೀಕರು ಅಥವಾ ಜಮೀನು ನಡೆಸುವವರು ಆಗಿರಬೇಕು ಅನ್ನುವುದು ಇದೇ ಕಾರಣಕ್ಕೆ. ಆ ನಿಯಮವನ್ನು ಮುಟ್ಟಬಾರದು.

ಇನ್ನೊಂದು ತೊಡಕು ಹಿತಾಸಕ್ತಿಯದು. ಪೆನ್ಸಿಲ್ವೇನಿಯಾದಲ್ಲಿ ದೊಡ್ಡ ಕಟ್ಟಡ ಕೆಲಸಗಳಿಂದ ಮಣ್ಣು ಕೊಚ್ಚಿಹೋಗದ ಹಾಗೆ ತಪಾಸಣೆ ಮಾಡುವ ಹೊಣೆಯನ್ನು ರಾಜ್ಯ ಡಿಸ್ಟ್ರಿಕ್ಟ್‌ಗಳಿಗೆ ಕೊಟ್ಟಿದೆ. ಕೌಂಟಿಯೇ ಒಂದು ಕಟ್ಟಡ ಕಟ್ಟುತ್ತಿದ್ದರೆ? ಕೌಂಟಿಯ ಪ್ರತಿನಿಧಿ ತನ್ನದೇ ಕಡತದ ಮೇಲೆ ಮತ ಹಾಕುವುದಾ? ಅಂಥ ಹೊತ್ತಿನಲ್ಲಿ ಅವರು ಎದ್ದು ಹೊರಗೆ ಹೋಗಬೇಕು ಅನ್ನುವ ನಿಯಮ ಬೇಕೇಬೇಕು.

ಅದೇ ರಾಜ್ಯದ ಮಣ್ಣು-ಜಲ್ಲಿ ರಸ್ತೆಗಳ ಕಾರ್ಯಕ್ರಮ ಇದಕ್ಕೆ ಒಂದು ಜಾಣ ದಾರಿ ಕಂಡುಕೊಂಡಿದೆ. 1997ರಲ್ಲಿ ಶುರುವಾದ ಕಾರ್ಯಕ್ರಮ ಅದು. ಹಳ್ಳಿ ರಸ್ತೆಯ ಮಣ್ಣು ತೊರೆಗೆ ಇಳಿಯದ ಹಾಗೆ ದುರಸ್ತಿ ಮಾಡಲು ಸ್ಥಳೀಯ ಆಡಳಿತಗಳಿಗೆ ಹಣ ಕೊಡುತ್ತಾರೆ. ಯಾವ ರಸ್ತೆಗೆ ಹಣ ಅಂತ ಶಿಫಾರಸು ಮಾಡುವ ಸಣ್ಣ ಸಮಿತಿಯಲ್ಲಿ ಡಿಸ್ಟ್ರಿಕ್ಟಿನವರು, ಮೀನುಗಾರಿಕೆಯ ಆಯೋಗದವರು, ಕೇಂದ್ರದ ಮಣ್ಣು ಸಂರಕ್ಷಣಾ ಇಲಾಖೆಯವರು ಒಬ್ಬೊಬ್ಬರು ಮತ ಹಾಕುತ್ತಾರೆ. ಹಣ ಪಡೆಯುವ ಸ್ಥಳೀಯ ಆಡಳಿತದವರಿಗೆ ಆ ಸಮಿತಿಯಲ್ಲಿ ಮತವಿಲ್ಲ. ಆದರೆ ಮೇಲಿನ ಮಂಡಳಿಯಲ್ಲಿ ಕೌಂಟಿಗೆ ಕುರ್ಚಿ ಇದೆ. ನೀತಿ ರೂಪಿಸುವ ಜಾಗದಲ್ಲಿ ಪಾಲು, ಹಣ ಹಂಚುವ ಜಾಗದಲ್ಲಿ ಅಂತರ. ಸಿಯಾಟಲ್‌ನಲ್ಲೂ ಡಿಸ್ಟ್ರಿಕ್ಟ್ ನಗರಗಳಿಗೆ ಅನುದಾನ ಕೊಡುವುದರಿಂದ ಈ ಪಾಠ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ನಮ್ಮ ಜಲಾನಯನ ಸಮಿತಿಗಳು ಇದೇ ಜಗಳ ಕಂಡಿವೆ

ಕರ್ನಾಟಕದಲ್ಲಿ ಜಲಾನಯನ ಕೆಲಸ ಮಾಡಿದವರಿಗೆ ಈ ಪ್ರಶ್ನೆ ಹೊಸದೇನಲ್ಲ. ಹನುಮಂತರಾವ್ ಸಮಿತಿಯ ಆಧಾರದ ಮೇಲೆ 1994ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಕೆಲಸವನ್ನು ಊರಿನ ಜಲಾನಯನ ಸಂಘ, ಸಮಿತಿಗಳಿಗೆ ಕೊಟ್ಟಿತು. ಗ್ರಾಮ ಪಂಚಾಯತಿಗಳು ಬದಿಗೆ ಸರಿದವು. ಪಂಚಾಯತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಆಗಷ್ಟೇ ಬಂದಿತ್ತು, ಹಾಗಾಗಿ ಪಂಚಾಯತಿಗಳು ಇದನ್ನು ಒಪ್ಪಲಿಲ್ಲ. 2003ರ ಹರಿಯಾಲಿ ಮಾರ್ಗಸೂಚಿ ಇನ್ನೊಂದು ಕಡೆ ವಾಲಿತು, ಕೆಲಸವನ್ನು ಪಂಚಾಯತಿಗಳ ಕೈಗೇ ಕೊಟ್ಟಿತು. ಆಗ ಸಣ್ಣ ರೈತರ, ಸಂಘಗಳ ಪಾಲು ಕುಗ್ಗಿತು ಅನ್ನುವ ದೂರು ಬಂತು. 2008ರ ಮಾರ್ಗಸೂಚಿ ನಡುವಿನ ದಾರಿ ಹಿಡಿಯಿತು. ಸಮಿತಿಯನ್ನು ಗ್ರಾಮಸಭೆ ರಚಿಸಬೇಕು, ಪಂಚಾಯತಿ ಮೇಲೆ ನಿಂತು ನೋಡಿಕೊಳ್ಳಬೇಕು, ಸಮಿತಿಯಲ್ಲಿ ಸ್ವಸಹಾಯ ಸಂಘ, ಬಳಕೆದಾರರ ಗುಂಪು, ಭೂಮಿ ಇಲ್ಲದವರು, ಮಹಿಳೆಯರು ಇರಬೇಕು.

ಹದಿನಾಲ್ಕು ವರ್ಷದಲ್ಲಿ ಎರಡೂ ತುದಿ ಮುಟ್ಟಿ ನಡುವೆ ಬಂದ ಅನುಭವ ಇದು. ಪಂಚಾಯತಿಯನ್ನು ಹೊರಗಿಟ್ಟಾಗ ಯೋಜನೆಯ ಹಣ ಮುಗಿದ ಮೇಲೆ ಚೆಕ್ ಡ್ಯಾಮಿನ ಹೂಳು ತೆಗೆಯುವವರು ಯಾರು ಅನ್ನುವ ಪ್ರಶ್ನೆ ಉಳಿಯುತ್ತದೆ. ಪಂಚಾಯತಿಗೇ ಎಲ್ಲ ಕೊಟ್ಟಾಗ ಹೊಲ ಇರುವವನ ಮಾತು ಸಭೆಯಲ್ಲಿ ಕೇಳಿಸುವುದಿಲ್ಲ. ವಿಸ್ಕಾನ್ಸಿನ್ ಮತ್ತು ವಾಷಿಂಗ್ಟನ್ ಎರಡೂ ಇವತ್ತು ಅಂಥ ಒಂದೊಂದು ತುದಿಯಲ್ಲಿ ನಿಂತಿವೆ ಅಂತ ನನಗೆ ಕಾಣುತ್ತದೆ.

ಐದು ಕುರ್ಚಿಯಲ್ಲೇ ಜಾಗ ಇದೆ

ಹಾಗಾದರೆ ವಾಷಿಂಗ್ಟನ್‌ನಂಥ ರಾಜ್ಯ ಏನು ಮಾಡಬಹುದು? ಹೊಸ ಕುರ್ಚಿ ಸೇರಿಸಬೇಕಾಗಿಲ್ಲ. ರಾಜ್ಯದ ಕಮಿಷನ್ ನೇಮಿಸುವ ಎರಡರಲ್ಲಿ ಒಂದನ್ನು ಸ್ಥಳೀಯ ಸರ್ಕಾರಗಳಿಗೆ ಬಿಟ್ಟುಕೊಟ್ಟರೆ ಸಾಕು. ಆರಿಸಿ ಬರುವ ಮೂವರು ಹಾಗೇ ಇರುತ್ತಾರೆ, ರೈತರ ಪಾಲಿಗೆ ಧಕ್ಕೆಯಿಲ್ಲ. ರಾಜ್ಯಕ್ಕೂ ಒಂದು ಕುರ್ಚಿ ಉಳಿಯುತ್ತದೆ. ಐದರಲ್ಲಿ ಒಂದು ಮತದಿಂದ ಕೌಂಟಿ ಮಂಡಳಿಯನ್ನು ಕೈವಶ ಮಾಡಿಕೊಳ್ಳಲಾರದು. ಆದರೆ ಪ್ರತಿ ಸಭೆಯಲ್ಲೂ ಕೂತು, ಲೆಕ್ಕ ನೋಡಿ, ಪ್ರಶ್ನೆ ಕೇಳಿ, ಮತ ದಾಖಲಿಸಬಹುದು.

ಆ ಒಬ್ಬರನ್ನು ಯಾರು ಆರಿಸಬೇಕು ಅನ್ನುವುದು ಅಷ್ಟೇ ಮುಖ್ಯ. ರಾಜ್ಯ ಕಮಿಷನ್ನೇ ‘ಸ್ಥಳೀಯ ಪ್ರತಿನಿಧಿ’ ಅಂತ ಒಬ್ಬರನ್ನು ನೇಮಿಸಿದರೆ ಏನೂ ಬದಲಾಗುವುದಿಲ್ಲ. ಕೌಂಟಿ ಕೌನ್ಸಿಲ್ ಮತ್ತು ನಗರಗಳು ಸೇರಿ ಆರಿಸಬೇಕು, ಬೇಡ ಅನಿಸಿದರೆ ವಾಪಸ್ ಕರೆಸಿಕೊಳ್ಳುವ ಹಕ್ಕೂ ಅವರದೇ ಆಗಿರಬೇಕು. 34 ನಗರಗಳಿರುವ ಕಡೆ ಯಾವ ನಗರಕ್ಕೆ ಸರದಿ ಅನ್ನುವ ಜಗಳ ಬರುತ್ತದೆ. ಆದರೆ ಸಲಹಾ ಸಮಿತಿಯಲ್ಲಿ ಸಣ್ಣ ನಗರಗಳು ಒಕ್ಕೂಟದ ಮೂಲಕ ಈಗಾಗಲೇ ಒಟ್ಟಾಗಿ ಹೆಸರು ಸೂಚಿಸುತ್ತಿವೆ, ಹಾಗಾಗಿ ಅಭ್ಯಾಸ ಇದೆ. ಕುರ್ಚಿಯಲ್ಲಿ ಕೂರುವವರು ಆರಿಸಿ ಬಂದ ಕೌನ್ಸಿಲ್ ಸದಸ್ಯರೇ ಆಗಿರಬೇಕು ಅನ್ನುವುದು ನನ್ನ ಒತ್ತಾಯ. ನಗರದ ಅಧಿಕಾರಿಯನ್ನು ಕಳಿಸಿದರೆ ಕಡತ ಚೆನ್ನಾಗಿ ಓದುತ್ತಾರೆ. ಆದರೆ ಶುಲ್ಕ ಏರಿಸುವ ದಿನ ಜನರ ಮುಂದೆ ನಿಂತು ಉತ್ತರ ಹೇಳುವ ಹೊಣೆ ಅವರದಲ್ಲ.

ರೈತರ ಹೊಲದ ಖಾಸಗಿ ಮಾಹಿತಿಗೆ ಬೇರೆ ಬೇಲಿ ಹಾಕಬೇಕು. ಒಬ್ಬ ರೈತನ ಜಮೀನಿನ ಯೋಜನೆಯ ಕಾಗದ ಮಂಡಳಿಯ ಸದಸ್ಯರ ಕೈಗೆ ಹೆಸರು ಸಮೇತ ಬರಬೇಕಾದ ಅಗತ್ಯವೇ ಇಲ್ಲ. ಸಿಬ್ಬಂದಿಯ ಹತ್ತಿರ ಇದ್ದರೆ ಸಾಕು. ಈ ಒಂದು ನಿಯಮ ಕಾನೂನಿನಲ್ಲೇ ಬಂದರೆ ರೈತರ ಭಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಚುನಾವಣೆಯನ್ನೇ ನವೆಂಬರಿಗೆ ತಂದರೆ ಇದೆಲ್ಲ ಬೇಕಾ ಅಂತ ಕೇಳಬಹುದು. ತಂದರೆ ಬಹಳ ಒಳ್ಳೆಯದು, ನೆಬ್ರಾಸ್ಕಾ, ವರ್ಜೀನಿಯಾಗಳಲ್ಲಿ ಅದು ನಡೆದುಕೊಂಡು ಬಂದಿದೆ. ಆದರೆ ವಾಷಿಂಗ್ಟನ್‌ನಲ್ಲಿ 45 ಡಿಸ್ಟ್ರಿಕ್ಟ್‌ಗಳಿವೆ. ಸಾಮಾನ್ಯ ಮತಪತ್ರದಲ್ಲಿ ಹೆಸರು ಹಾಕಿಸಿದರೆ ಚುನಾವಣೆಯ ಖರ್ಚಿನಲ್ಲಿ ಪಾಲು ಕಟ್ಟಬೇಕು. ಕಿಂಗ್‌ನಂಥ ದೊಡ್ಡ ಡಿಸ್ಟ್ರಿಕ್ಟ್ ಹೇಗಾದರೂ ತೂಗಿಸೀತು. ಪೂರ್ವದ ಒಣನೆಲದ ಸಣ್ಣ ಡಿಸ್ಟ್ರಿಕ್ಟಿಗೆ ಆ ಖರ್ಚು ಹೊಲಗಳ ಕೆಲಸವನ್ನೇ ಕಡಿತ ಮಾಡಿಸುತ್ತದೆ. ಆ ಖರ್ಚನ್ನು ರಾಜ್ಯ ಹೊರುತ್ತದಾ ಅನ್ನುವುದು ಇತ್ಯರ್ಥವಾಗದೆ ಚುನಾವಣೆಯ ಸುಧಾರಣೆ ಮುಂದೆ ಹೋಗುವುದಿಲ್ಲ. ನೇಮಕದ ಒಂದು ಕುರ್ಚಿಯನ್ನು ಸ್ಥಳೀಯ ಸರ್ಕಾರಕ್ಕೆ ಕೊಡಲು ಅಂಥ ಖರ್ಚೇನೂ ಇಲ್ಲ. ಕಾನೂನಿನ ಒಂದು ಕಲಮು ತಿದ್ದಿದರೆ ಆಯಿತು. ಅದನ್ನು ಮೊದಲು ಮಾಡಲಿ.